ನಾಡಿಯ ಎಣಿಕೆ ಮತ್ತು ಅಂಗಸಾಧನೆಯ ಅಳತೆ

ಅಂಕಿಗೆ ನಮ್ಮ ಕಾಲದಲ್ಲಿ ವಿಶೇಷವಾದ ಗೌರವವುಂಟು. "ಇಂದು ಬಹಳ ಸೆಕೆ" ಎಂದರೆ ಕಿವಿಗೊಡದವರು "ಇಂದು ಉಷ್ಣಮಾನ ೩೯ ಡಿಗ್ರಿ" ಎಂದೊಡನೆಯೇ ತಲೆದೂಗುತ್ತಾರೆ. ಈ ಗೌರವ ಅಯೋಗ್ಯವಾದುದೆಂದು ನಾವು ಹೇಳುವುದಿಲ್ಲ. ವಿಜ್ಞಾನ ಬೆಳೆದು ಬಂದಿರುವುದೇ ಅಳತೆಯ ಆಧಾರದ ಮೇಲೆ. ಆದರೆ ಅಳತೆಯ ಹಿಂದಿರುವ ವಿಚಾರವನ್ನು ಮರೆತು ಬರಿಯ ಅಂಕಿಗೆ ಕೈಮುಗಿಯತೊಡಗಿದರೆ ವಿಜ್ಞಾನದ ಹೆಸರಿನಲ್ಲಿಯೇ ಒಂದು ಹೊಸ ಮೂಢನಂಬಿಕೆ ಹುಟ್ಟಿಕೊಳ್ಳುತ್ತದೆ. ಅಂತಹ ನಂಬಿಕೆಯೊಂದು ಈಗ ನಮ್ಮ ತರುಣ ತರುಣಿಯರ ಮಣಿಕಟ್ಟಿನ ಮೇಲೆಯೇ ಕುಳಿತಿದೆ.

ಬೆಳಗಿನ ಹೊತ್ತು ಯಾವುದೇ ಊರಿನ ಮೈದಾನಕ್ಕೆ ಹೋದರೂ ಓಡುತ್ತಿರುವವರಲ್ಲಿ ಕೆಲವರು ಮುಂದಿನ ದಾರಿಯನ್ನು ನೋಡದೆ ಕೈಗಡಿಯಾರವನ್ನು ನೋಡುತ್ತಿರುತ್ತಾರೆ. ಆ ಗಡಿಯಾರ ಹೊತ್ತನ್ನಷ್ಟೇ ಅಲ್ಲದೆ ಹೃದಯದ ಮಿಡಿತವನ್ನೂ ತೋರಿಸುತ್ತದೆ. "೨೨೦ರಿಂದ ನಿನ್ನ ವಯಸ್ಸನ್ನು ಕಳೆ; ಉಳಿದದ್ದು ನಿನ್ನ ಹೃದಯದ ಗರಿಷ್ಠ ವೇಗ. ಅದರ ಶೇಕಡ ಇಷ್ಟರಿಂದ ಇಷ್ಟರವರೆಗೆ ಮಿಡಿತ ಇದ್ದರೆ ವ್ಯಾಯಾಮ ಸರಿ" ಎಂಬ ಸೂತ್ರವನ್ನು ಮಗ್ಗಿಯಂತೆ ಒಪ್ಪಿಸುವವರು ಬಹುಮಂದಿ. ಈ ಸೂತ್ರದ ಮೂಲವೇನು, ಅದರ ಬೆಲೆಯೆಷ್ಟು, ಅದನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ನಾಡಿಯ ಎಣಿಕೆ ವ್ಯಾಯಾಮಕ್ಕೆ ಒಳ್ಳೆಯ ಸೇವಕ, ಅದನ್ನು ಒಡೆಯನನ್ನಾಗಿ ಮಾಡಿಕೊಳ್ಳುವುದು ತಪ್ಪು. ಈ ಭೇದವನ್ನು ಕಲಿಸಲು ತಕ್ಕ ಸ್ಥಳ ಅಂಗಡಿಯಲ್ಲ, ಶಾಲೆ.

ಹೃದಯವನ್ನೇಕೆ ಎಣಿಸಬೇಕು?

ಓಟ, ಈಜು, ಸೈಕಲ್ ಸವಾರಿ, ಬಿರುಸಿನ ನಡಿಗೆ ಇವೇ ಮೊದಲಾದ, ಬಹಳ ಹೊತ್ತು ನಡೆಯುವ ಶ್ರಮಗಳಲ್ಲಿ ಸ್ನಾಯುಗಳು ತಮಗೆ ಬೇಕಾದ ಶಕ್ತಿಯನ್ನು ಬಹುಮಟ್ಟಿಗೆ ಆಮ್ಲಜನಕದ ನೆರವಿನಿಂದ ಪಡೆಯುತ್ತವೆ. ಇವನ್ನು 'ಏರೋಬಿಕ್' ವ್ಯಾಯಾಮಗಳೆಂದು ಕರೆಯುವ ವಾಡಿಕೆ ೧೯೬೮ರಲ್ಲಿ ಅಮೆರಿಕದ ವೈದ್ಯ ಕೆನೆತ್ ಕೂಪರ್ ಅದೇ ಹೆಸರಿನ ಪುಸ್ತಕವನ್ನು ಪ್ರಕಟಿಸಿದ ಮೇಲೆ ಜನಸಾಮಾನ್ಯರಲ್ಲಿ ಹಬ್ಬಿತು. ಇಂತಹ ವ್ಯಾಯಾಮದ ನಿಜವಾದ ಅಳತೆಯೆಂದರೆ ದೇಹ ನಿಮಿಷವೊಂದಕ್ಕೆ ಬಳಸುವ ಆಮ್ಲಜನಕದ ಪ್ರಮಾಣ. ಬ್ರಿಟನ್ನಿನ ಎ. ವಿ. ಹಿಲ್ ಮತ್ತು ಅವರ ಸಹೋದ್ಯೋಗಿಗಳು ೧೯೨೦ರ ದಶಕದಲ್ಲಿ, ಓಡುವವರು ಹೊರಬಿಟ್ಟ ಉಸಿರನ್ನು ಚೀಲಗಳಲ್ಲಿ ಹಿಡಿದು ಪರೀಕ್ಷಿಸಿ, ಓಟದ ವೇಗ ಹೆಚ್ಚಿದಂತೆ ಆಮ್ಲಜನಕದ ಬಳಕೆ ಹೆಚ್ಚುತ್ತ ಹೋಗಿ ಒಂದು ಮಿತಿಯಲ್ಲಿ ನಿಲ್ಲುವುದೆಂದು ತೋರಿಸಿದರು. ಆದರೆ ಪ್ರತಿಯೊಬ್ಬನೂ ಮುಖಕ್ಕೆ ಮುಖವಾಡ ಕಟ್ಟಿಕೊಂಡು, ಬೆನ್ನಿಗೆ ಚೀಲ ಹೊತ್ತುಕೊಂಡು ಓಡುವುದು ಸಾಧ್ಯವೆ? ಆದ್ದರಿಂದ ಆಮ್ಲಜನಕದ ಬದಲಿಗೆ ಸುಲಭವಾಗಿ ಎಣಿಸಬಹುದಾದ ಬೇರೊಂದು ವಸ್ತು ಬೇಕಾಯಿತು. ಅದೇ ನಾಡಿ.

ಈ ಬದಲಿಗೆ ಸಮರ್ಥನೆಯಿದೆ. ವಿರಾಮದಲ್ಲಿರುವ ವಯಸ್ಕನ ಹೃದಯ ಒಂದು ಮಿಡಿತಕ್ಕೆ ಸುಮಾರು ೭೦ ಮಿಲಿಲೀಟರ್ ರಕ್ತವನ್ನು ಹೊರದೂಡುತ್ತದೆ. ನಿಮಿಷಕ್ಕೆ ೭೦ ಮಿಡಿತಗಳೆಂದರೆ ಹತ್ತಿರಹತ್ತಿರ ೫ ಲೀಟರ್ ಆಯಿತು. ತೀವ್ರವಾದ ಶ್ರಮದಲ್ಲಿ ಸಾಧಾರಣ ತರುಣನ ಹೃದಯ ನಿಮಿಷಕ್ಕೆ ಸುಮಾರು ೨೦ ಲೀಟರ್ ರಕ್ತವನ್ನು ಹರಿಸಬಲ್ಲುದು. ಪಳಗಿದ ದೂರದ ಓಟಗಾರನಲ್ಲಿ ಇದು ೩೦ ಲೀಟರನ್ನೂ ಮೀರುವುದುಂಟು. ಒಂದು ಮಿಡಿತದ ರಕ್ತದ ಪ್ರಮಾಣ ಹೆಚ್ಚುವುದಕ್ಕೆ ಬೇಗನೆ ಮಿತಿಯೊದಗುವುದರಿಂದ, ಉಳಿದ ಹೆಚ್ಚಳದ ಹೊರೆಯೆಲ್ಲ ಮಿಡಿತದ ವೇಗದ ಮೇಲೆಯೇ ಬೀಳುತ್ತದೆ. ಆದ್ದರಿಂದ ಮಧ್ಯಮ ಶ್ರಮದಿಂದ ತೀವ್ರ ಶ್ರಮದವರೆಗೆ ಆಮ್ಲಜನಕದ ಬಳಕೆಯೂ ಹೃದಯದ ವೇಗವೂ ಹೆಚ್ಚುಕಡಿಮೆ ಒಂದು ಸರಳ ರೇಖೆಯಲ್ಲಿ ಜೊತೆಜೊತೆಯಾಗಿ ಏರುತ್ತವೆ.

ಈ ಏರಿಕೆಯನ್ನು ನಡೆಸುವ ಏರ್ಪಾಡು ಸ್ವಾರಸ್ಯವಾದುದು. ಹೃದಯಕ್ಕೆ ತನ್ನದೇ ಆದ ತಾಳಗಾರನುಂಟು. ಬಲ ಹೃತ್ಕರ್ಣದ ಗೋಡೆಯಲ್ಲಿರುವ ಈ ಪುಟ್ಟ ಗಂಟನ್ನು ೧೯೦೭ರಲ್ಲಿ ಕೀತ್ ಮತ್ತು ಫ್ಲ್ಯಾಕ್ ಎಂಬವರು ಗುರುತಿಸಿದರು. ನರಗಳ ಹಿಡಿತವೇ ಇಲ್ಲದಿದ್ದರೆ ತರುಣರಲ್ಲಿ ಅದು ನಿಮಿಷಕ್ಕೆ ಸುಮಾರು ೧೦೦ ಬಾರಿ ತಾಳ ಹಾಕುತ್ತದೆ. ವಿರಾಮದಲ್ಲಿ ಮಿಡಿತ ೬೦-೭೦ಕ್ಕೆ ಇಳಿದಿರುವುದು ವೇಗಸ್ ನರ ಕಡಿವಾಣವನ್ನು ಬಿಗಿಹಿಡಿದಿರುವುದರಿಂದ. ೧೯೨೧ರಲ್ಲಿ ಆಟೋ ಲೋವಿ ಕಪ್ಪೆಯ ಎರಡು ಹೃದಯಗಳನ್ನು ತೆಗೆದುಕೊಂಡು, ಒಂದರ ವೇಗಸ್ ನರವನ್ನು ಕೆರಳಿಸಿದಾಗ ಅದರ ಸುತ್ತಣ ದ್ರವವೇ ಎರಡನೆಯ ಹೃದಯವನ್ನೂ ನಿಧಾನಗೊಳಿಸುವುದನ್ನು ತೋರಿಸಿದರು. ನರಗಳು ರಾಸಾಯನಿಕ ವಸ್ತುಗಳ ಮೂಲಕ ಆಜ್ಞೆ ಕಳುಹಿಸುತ್ತವೆಂಬುದು ಹೀಗೆ ತಿಳಿಯಿತು. ನಾವು ಓಡತೊಡಗಿದ ಒಡನೆಯೇ ಕಡಿವಾಣ ಸಡಿಲವಾಗುತ್ತದೆ. ಶ್ರಮ ಇನ್ನೂ ಹೆಚ್ಚಿದರೆ ಇನ್ನೊಂದು ಬಗೆಯ ನರಗಳು ಚಾವಟಿ ಬೀಸುತ್ತವೆ. ಓಟ ನಿಂತಾಗ ಕಡಿವಾಣ ಮತ್ತೆ ಬಿಗಿಯಾಗುತ್ತದೆ.

ಇಷ್ಟರಿಂದ ನಾಡಿಯ ಎಣಿಕೆ ಶ್ರಮದ ಅಳತೆಯೆಂದು ಒಪ್ಪಿಕೊಳ್ಳಬಹುದು. ಆದರೆ ಅದು ನೇರವಾದ ಅಳತೆಯಲ್ಲ, ಅನುಮಾನ. ನಮ್ಮ ತರ್ಕಶಾಸ್ತ್ರದ ಹಳೆಯ ಉದಾಹರಣೆಯಲ್ಲಿ ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುತ್ತಾರೆ. ಬೆಂಕಿಯಿದೆ ಎಂದು ತಿಳಿಯಲು ಹೊಗೆ ಸಾಕು. ಎಷ್ಟು ಬೆಂಕಿಯಿದೆ ಎಂದು ಹೇಳಲು ಹೊಗೆಯೊಂದೇ ಸಾಲದು. ಸೌದೆ ಹಸಿಯಾಗಿದ್ದರೆ ಚಿಕ್ಕ ಬೆಂಕಿಗೂ ದೊಡ್ಡ ಹೊಗೆಯೇಳುತ್ತದೆ.

ಎಣಿಕೆಯ ಕಥೆ

ನಮ್ಮ ವೈದ್ಯಪರಂಪರೆಯಲ್ಲಿ ನಾಡೀಪರೀಕ್ಷೆಗೆ ಹಿರಿಯ ಸ್ಥಾನವಿದೆ. ಶಾರ್ಙ್ಗಧರ ಸಂಹಿತೆಯಲ್ಲಿ ನಾಡಿಯ ನಡೆಯನ್ನು ಹಾವು, ಕಪ್ಪೆ, ಹಂಸ ಮೊದಲಾದವುಗಳ ನಡೆಗೆ ಹೋಲಿಸಿದ್ದಾರೆ. ಅಲ್ಲಿ ಲಕ್ಷ್ಯವಿದ್ದದ್ದು ನಡೆಯ ರೀತಿಯ ಮೇಲೆ. ನಿಮಿಷಕ್ಕೆ ಎಷ್ಟು ಎಂಬ ಪ್ರಶ್ನೆಯ ಮೇಲಲ್ಲ. ನಿಮಿಷವನ್ನು ತೋರಿಸುವ ಉಪಕರಣವಿಲ್ಲದೆ ಆ ಪ್ರಶ್ನೆಯನ್ನು ಎಲ್ಲಿಯೂ ಚೆನ್ನಾಗಿ ಕೇಳುವಂತಿರಲಿಲ್ಲ. ಇಟಲಿಯ ಸ್ಯಾಂಟೋರಿಯೊ ೧೭ನೆಯ ಶತಮಾನದ ಆರಂಭದಲ್ಲಿ ಲೋಲಕದ ಉದ್ದವನ್ನು ಹೆಚ್ಚು ಕಡಿಮೆ ಮಾಡಿ, ಅದರ ತೂಗಾಟವನ್ನು ನಾಡಿಗೆ ಹೊಂದಿಸಿ, ದಾರದ ಉದ್ದವನ್ನೇ ನಾಡಿಯ ಅಳತೆಯಾಗಿ ಬಳಸಿದರು. ೧೭೦೭ರಲ್ಲಿ ಇಂಗ್ಲೆಂಡಿನ ಸರ್ ಜಾನ್ ಫ್ಲೋಯರ್ ಒಂದು ನಿಮಿಷ ಮಾತ್ರ ನಡೆಯುವ ಗಡಿಯಾರವನ್ನು ಮಾಡಿಸಿ, ನಾಡಿಯನ್ನು ಎಣಿಸುವ ಕ್ರಮವನ್ನು ಪುಸ್ತಕರೂಪದಲ್ಲಿ ಬರೆದರು.

ವ್ಯಾಯಾಮದ ತೀವ್ರತೆಗೆ ನಾಡಿಯನ್ನು ಗಣಿತದಿಂದ ಜೋಡಿಸಿದ ಕೀರ್ತಿ ಫಿನ್ಲೆಂಡಿಗೆ ಸಲ್ಲಬೇಕು. ೧೯೫೭ರಲ್ಲಿ ಮಾರ್ಟಿ ಕಾರ್ವೊನೆನ್ ಮತ್ತು ಅವರ ಇಬ್ಬರು ಜೊತೆಗಾರರು ಕೆಲವು ತರುಣರನ್ನು ಚಲಿಸುವ ಪಟ್ಟಿಯ ಮೇಲೆ ದಿನವೂ ಓಡಿಸಿ, ಎಷ್ಟು ತೀವ್ರವಾದ ಅಭ್ಯಾಸದಿಂದ ಹೃದಯ ಪಳಗುವುದೆಂದು ಪರೀಕ್ಷಿಸಿದರು. ವಿರಾಮದ ಮಿಡಿತಕ್ಕೂ ಗರಿಷ್ಠ ಮಿಡಿತಕ್ಕೂ ನಡುವಣ ಅಂತರದಲ್ಲಿ ಶೇಕಡ ೬೦ನ್ನು ಮೀರಿ ಏರಿದಾಗ ಅಭ್ಯಾಸ ಫಲಕೊಡುವುದನ್ನು ಅವರು ಕಂಡರು. ಮುಂದೆ ಇದೇ ದೇಶದಲ್ಲಿ ೧೯೮೨ರಲ್ಲಿ ಪೋಲಾರ್ ಎಂಬ ಸಂಸ್ಥೆ, ಎದೆಗೆ ಕಟ್ಟಿದ ಪಟ್ಟಿಯಿಂದ ಮಣಿಕಟ್ಟಿಗೆ ತಂತಿಯಿಲ್ಲದೆ ಮಿಡಿತವನ್ನು ತಿಳಿಸುವ ಉಪಕರಣವನ್ನು ಮಾರುಕಟ್ಟೆಗೆ ತಂದಿತು. ಅದುವರೆಗೆ ಪ್ರಯೋಗಶಾಲೆಯಲ್ಲಿದ್ದ ಎಣಿಕೆ ಅಂದಿನಿಂದ ಬೀದಿಗಿಳಿಯಿತು.

ಕಾರ್ವೊನೆನ್ನರ ವಿಚಾರದಲ್ಲಿರುವ ಸೂಕ್ಷ್ಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಇಪ್ಪತ್ತು ವರ್ಷದ ಇಬ್ಬರು ವಿದ್ಯಾರ್ಥಿಗಳಿದ್ದಾರೆಂದು ಭಾವಿಸೋಣ. ಇಬ್ಬರ ಗರಿಷ್ಠ ಮಿಡಿತವೂ ೨೦೦. ಒಬ್ಬ ದಿನವೂ ಓಡುವವನು. ಅವನ ವಿರಾಮದ ಮಿಡಿತ ೫೦. ಇನ್ನೊಬ್ಬ ಕುಳಿತು ಓದುವವನು, ಅವನದು ೮೦. ಇಬ್ಬರಿಗೂ "ಗರಿಷ್ಠದ ಶೇಕಡ ೬೦" ಎಂದು ಹೇಳಿದರೆ ಇಬ್ಬರೂ ೧೨೦ಕ್ಕೆ ಏರಿಸಬೇಕು. ಆದರೆ ಮೊದಲನೆಯವನಿಗೆ ಇರುವ ಅವಕಾಶ ೧೫೦ ಮಿಡಿತಗಳು. ಅದರಲ್ಲಿ ಅವನು ೭೦ನ್ನು, ಎಂದರೆ ಶೇಕಡ ೪೭ನ್ನು ಬಳಸಿದ. ಎರಡನೆಯವನ ಅವಕಾಶ ೧೨೦. ಅವನು ಬಳಸಿದ್ದು ೪೦, ಎಂದರೆ ಶೇಕಡ ೩೩. ಅಂಕಿ ಒಂದೇ, ಶ್ರಮ ಬೇರೆ! ಅಂತರದ ಶೇಕಡ ೬೦ ಎಂದು ಲೆಕ್ಕ ಹಾಕಿದರೆ ಮೊದಲನೆಯವನು ೧೪೦ಕ್ಕೂ ಎರಡನೆಯವನು ೧೫೨ಕ್ಕೂ ಏರಿಸಬೇಕಾಗುತ್ತದೆ. ಒಬ್ಬೊಬ್ಬನ ದೇಹದ ಸ್ಥಿತಿಯನ್ನೂ ಲೆಕ್ಕಕ್ಕೆ ತಂದದ್ದು ಈ ವಿಧಾನದ ಗುಣ.

ಒಂದು ಸೂತ್ರದ ಹುಟ್ಟು

ಈ ಲೆಕ್ಕದಲ್ಲಿ ಗರಿಷ್ಠ ಮಿಡಿತ ಗೊತ್ತಿದೆಯೆಂದು ನಾವು ಭಾವಿಸಿಕೊಂಡೆವು. ನಿಜವಾಗಿ ಅದನ್ನು ತಿಳಿಯಲು ಮನುಷ್ಯನನ್ನು ಇನ್ನು ಒಂದು ಹೆಜ್ಜೆಯೂ ಇಡಲಾರದಷ್ಟು ದಣಿಸಬೇಕು. ಅದು ಎಲ್ಲರಿಗೂ ಸಾಧ್ಯವಲ್ಲ, ಎಲ್ಲರಿಗೂ ಕ್ಷೇಮವೂ ಅಲ್ಲ. ಈ ಕಷ್ಟವನ್ನು ತಪ್ಪಿಸಲು ಬಂದದ್ದೇ ೨೨೦ರ ಸೂತ್ರ. ಅಮೆರಿಕದ ಸ್ಯಾಮ್ಯುಯೆಲ್ ಫಾಕ್ಸ್, ವಿಲಿಯಂ ಹ್ಯಾಸ್ಕೆಲ್ ಮತ್ತು ಅವರ ಜೊತೆಗಾರರು ೧೯೭೧ರ ಸುಮಾರಿನಲ್ಲಿ, ಆಗ ದೊರೆತಿದ್ದ ಹತ್ತು ಹನ್ನೊಂದು ಅಧ್ಯಯನಗಳ ಬಿಂದುಗಳನ್ನು ಒಂದು ನಕ್ಷೆಯಲ್ಲಿ ಗುರುತಿಸಿ ನೋಡಿದಾಗ, ವಯಸ್ಸು ಹೆಚ್ಚಿದಂತೆ ಗರಿಷ್ಠ ಮಿಡಿತ ಇಳಿಯುವುದನ್ನು ಒಂದು ಸುಲಭವಾದ ರೇಖೆಯಿಂದ ಸೂಚಿಸಬಹುದೆಂದು ಕಂಡಿತು. ಅದು ಸ್ಥೂಲವಾದ ಅಂದಾಜು. ಸಂಖ್ಯಾಶಾಸ್ತ್ರದ ಕ್ರಮಬದ್ಧ ಲೆಕ್ಕದಿಂದ ಹೊರಟ ನಿಯಮವಲ್ಲ. ಅದನ್ನು ವ್ಯಾಯಾಮಕ್ಕೆ ಕಟ್ಟಳೆಯಾಗಿ ಮಾಡುವ ಉದ್ದೇಶ ತಮಗಿರಲಿಲ್ಲವೆಂದು ಹ್ಯಾಸ್ಕೆಲ್ ಅವರೇ ಮುಂದೆ ಹೇಳಿದ್ದಾರೆ. ಆದರೂ ನೆನಪಿಡಲು ಸುಲಭವಾದ ಕಾರಣ ಸೂತ್ರ ಪಠ್ಯಪುಸ್ತಕಗಳನ್ನೂ ವ್ಯಾಯಾಮಶಾಲೆಯ ಗೋಡೆಗಳನ್ನೂ ಸೇರಿತು. ಅಲ್ಲಿಂದ ಯಂತ್ರಗಳನ್ನು ಸೇರಿತು.

೨೦೦೧ರಲ್ಲಿ ಹಿರೋಫುಮಿ ತನಾಕ ಮತ್ತು ಸಂಗಡಿಗರು ೩೫೧ ಅಧ್ಯಯನಗಳಿಂದ ೧೮,೭೧೨ ಮಂದಿಯ ವಿವರಗಳನ್ನು ಒಟ್ಟುಗೂಡಿಸಿ ಬೇರೊಂದು ಸೂತ್ರವನ್ನು ಪಡೆದರು: ವಯಸ್ಸನ್ನು ೦.೭ರಿಂದ ಗುಣಿಸಿ ೨೦೮ರಿಂದ ಕಳೆಯಬೇಕು. ನಲವತ್ತನೆಯ ವಯಸ್ಸಿನಲ್ಲಿ ಎರಡು ಸೂತ್ರಗಳೂ ೧೮೦ ಎನ್ನುತ್ತವೆ. ಇಪ್ಪತ್ತರಲ್ಲಿ ಹಳೆಯದು ೨೦೦, ಹೊಸದು ೧೯೪. ಎಪ್ಪತ್ತರಲ್ಲಿ ಹಳೆಯದು ೧೫೦, ಹೊಸದು ೧೫೯. ೨೦೧೦ರಲ್ಲಿ ಮಾರ್ಥಾ ಗುಲಾಟಿ ಮತ್ತು ಸಂಗಡಿಗರು ಶಿಕಾಗೋ ನಗರದ ಸಾವಿರಾರು ಮಹಿಳೆಯರ ಪರೀಕ್ಷೆಗಳಿಂದ ಮಹಿಳೆಯರಿಗೆ ಬೇರೆಯೇ ಸೂತ್ರವನ್ನು ಕೊಟ್ಟರು. ಅದರಂತೆ ನಲವತ್ತು ವರ್ಷದ ಮಹಿಳೆಯ ಗರಿಷ್ಠ ಮಿಡಿತ ೧೭೧ರ ಸುಮಾರು.

ಹಾಗಾದರೆ ಹಳೆಯ ಸೂತ್ರವನ್ನು ಬಿಟ್ಟು ಹೊಸದನ್ನು ಹಿಡಿದರೆ ಸರಿಹೋಯಿತೆ? ಇಲ್ಲ. ಮುಖ್ಯವಾದ ದೋಷ ಯಾವುದೋ ಒಂದು ಸೂತ್ರದಲ್ಲಿಲ್ಲ. ಸರಾಸರಿಯನ್ನು ವ್ಯಕ್ತಿಗೆ ಅಂಟಿಸುವ ನಮ್ಮ ರೂಢಿಯಲ್ಲಿದೆ. ಒಂದೇ ವಯಸ್ಸಿನ ಆರೋಗ್ಯವಂತರಲ್ಲಿ ಗರಿಷ್ಠ ಮಿಡಿತ ಸರಾಸರಿಯಿಂದ ಸುಮಾರು ೧೦ ಮಿಡಿತಗಳ ಮಾನಕ ವಿಚಲನೆಯನ್ನು ತೋರಿಸುತ್ತದೆ. ಎಂದರೆ, ನೂರು ಮಂದಿಯಲ್ಲಿ ಸುಮಾರು ೬೮ ಮಂದಿ ಸರಾಸರಿಯ ಈಚೆ ಆಚೆ ಹತ್ತು ಮಿಡಿತಗಳೊಳಗೆ ಇರುತ್ತಾರೆ. ಉಳಿದವರು ಅದರಿಂದ ಹೊರಗೆ. ಇಪ್ಪತ್ತು ವರ್ಷದ ಒಬ್ಬ ವಿದ್ಯಾರ್ಥಿಯ ನಿಜವಾದ ಗರಿಷ್ಠ ೧೭೬ ಇರಬಹುದು, ಇನ್ನೊಬ್ಬನದು ೨೧೨ ಇರಬಹುದು, ಇಬ್ಬರೂ ಆರೋಗ್ಯವಂತರೇ. ಗಡಿಯಾರ ಇಬ್ಬರಿಗೂ "೧೬೦ಕ್ಕೆ ಏರಿಸು" ಎಂದು ಆಜ್ಞೆ ಮಾಡಿದರೆ ಮೊದಲನೆಯವನು ಏದುಸಿರು ಬಿಡುತ್ತಾನೆ. ಎರಡನೆಯವನು ಮಾತನಾಡುತ್ತ ಓಡುತ್ತಾನೆ. ಮೊದಲನೆಯವನನ್ನು ಸೋಮಾರಿಯೆಂದೂ ಎರಡನೆಯವನನ್ನು ಶೂರನೆಂದೂ ಕರೆಯುವುದು ಅನ್ಯಾಯವಲ್ಲವೆ? ಒಂದು ತರಗತಿಯ ವಿದ್ಯಾರ್ಥಿಗಳ ಸರಾಸರಿ ಪಾದದ ಅಳತೆಗೆ ಪಾದರಕ್ಷೆಗಳನ್ನು ಮಾಡಿಸಿ ಎಲ್ಲರಿಗೂ ಹಂಚಿದಂತೆ ಇದು. ಲೆಕ್ಕದಲ್ಲಿ ತಪ್ಪಿಲ್ಲ, ನೋಯುವುದು ಕಾಲು.

ಹಸಿ ಸೌದೆಯ ಹೊಗೆ

ಶ್ರಮವಲ್ಲದೆ ನಾಡಿಯನ್ನು ಏರಿಸುವ ಇತರ ಕಾರಣಗಳೂ ಹಲವಿವೆ. ಅವುಗಳಲ್ಲಿ ನಮ್ಮ ನಾಡಿಗೆ ಅತಿ ಮುಖ್ಯವಾದುದು ಬಿಸಿಲು. ಸೆಕೆಯಲ್ಲಿ ದೇಹ ತನ್ನನ್ನು ತಂಪಾಗಿಸಿಕೊಳ್ಳಲು ರಕ್ತವನ್ನು ಚರ್ಮದ ಕಡೆಗೆ ಹರಿಸುತ್ತದೆ. ಬೆವರಿನಿಂದ ರಕ್ತದ ದ್ರವಭಾಗ ಕಡಿಮೆಯಾಗುತ್ತದೆ. ಹೃದಯಕ್ಕೆ ಮರಳುವ ರಕ್ತ ಕುಗ್ಗಿದ ಕಾರಣ ಒಂದೊಂದು ಮಿಡಿತದ ಪ್ರಮಾಣವೂ ಕುಗ್ಗುತ್ತದೆ. ಆ ಕೊರತೆಯನ್ನು ತುಂಬಲು ಹೃದಯ ಹೆಚ್ಚು ಬಾರಿ ಮಿಡಿಯಬೇಕು. ಒಂದೇ ವೇಗದಲ್ಲಿ ಓಡುತ್ತಿದ್ದರೂ ಅರ್ಧ ಗಂಟೆಯ ಮೇಲೆ ಮಿಡಿತ ಮೊದಲಿಗಿಂತ ಹತ್ತು ಹದಿನೈದು ಹೆಚ್ಚಾಗುವುದು ಅಸಾಮಾನ್ಯವಲ್ಲ. ಮೇ ತಿಂಗಳಿನಲ್ಲಿ ರಾಯಚೂರಿನ ಮೈದಾನದಲ್ಲಿ ಓಡುವವನಿಗೂ ಮಡಿಕೇರಿಯ ತಂಪಿನಲ್ಲಿ ಓಡುವವನಿಗೂ ಒಂದೇ ಅಂಕಿಯಿಂದ ಶ್ರಮವನ್ನು ಅಳೆಯುವುದು ಹೇಗೆ? ಇಲ್ಲಿ ಒಂದು ಮಾತನ್ನು ಮರೆಯಬಾರದು. ಸೆಕೆಯಲ್ಲಿ ಏರಿದ ನಾಡಿ ಸುಳ್ಳು ಹೇಳುತ್ತಿಲ್ಲ. ಸ್ನಾಯುಗಳ ಶ್ರಮ ಹೆಚ್ಚಿಲ್ಲದಿದ್ದರೂ ಹೃದಯದ ಹೊರೆ ಹೆಚ್ಚಿದೆಯೆಂದು ಅದು ತಿಳಿಸುತ್ತಿದೆ. ಆಗ ವೇಗವನ್ನು ತಗ್ಗಿಸುವುದೇ ವಿವೇಕ.

ಜ್ವರ, ನಿದ್ದೆಗೇಡು, ಭಯ, ಪರೀಕ್ಷೆಯ ಆತಂಕ, ಬಲವಾದ ಕಾಫಿ ಇವೂ ಮಿಡಿತವನ್ನು ಏರಿಸಬಲ್ಲವು. ರಕ್ತದೊತ್ತಡಕ್ಕೂ ಹೃದಯರೋಗಕ್ಕೂ ಕೊಡುವ ಬೀಟಾ ತಡೆಮದ್ದುಗಳು ಇದಕ್ಕೆ ವಿರುದ್ಧವಾಗಿ ಮಿಡಿತವನ್ನು ತಗ್ಗಿಸುತ್ತವೆ. ಅಂತಹ ಮದ್ದು ಸೇವಿಸುವ ಹಿರಿಯರು "ಇನ್ನೂ ೧೪೦ ಮುಟ್ಟಲಿಲ್ಲ" ಎಂದು ಹಟದಿಂದ ಓಡಿದರೆ ಅಪಾಯಕ್ಕೆ ಎಡೆಯಾಗಬಹುದು. ಮನೆಯಲ್ಲಿ ಅಜ್ಜನಿಗೋ ತಂದೆಗೋ ಹೊಸ ಗಡಿಯಾರವನ್ನು ಉಡುಗೊರೆಯಾಗಿ ಕೊಡುವ ತರುಣರು ಇದನ್ನು ತಿಳಿದಿರಬೇಕು. ಇನ್ನೊಂದು ಮಿತಿಯೂ ಉಂಟು. ಶ್ರಮ ಬದಲಾದ ಕ್ಷಣದಲ್ಲಿಯೇ ಮಿಡಿತ ಅದಕ್ಕೆ ತಕ್ಕ ಮಟ್ಟವನ್ನು ಮುಟ್ಟುವುದಿಲ್ಲ. ಒಂದೆರಡು ನಿಮಿಷ ಹಿಡಿಯುತ್ತದೆ. ನೂರು ಮೀಟರಿನ ಓಟಗಾರನ ಶ್ರಮವನ್ನು ನಾಡಿಯಿಂದ ಅಳೆಯಹೊರಟರೆ, ನಾಡಿ ಏರುವಷ್ಟರಲ್ಲಿ ಓಟ ಮುಗಿದಿರುತ್ತದೆ.

ಮಣಿಕಟ್ಟಿನ ಯಂತ್ರದ ವಿಷಯವಾಗಿಯೂ ಒಂದು ಮಾತು. ಅದು ಚರ್ಮದ ಮೇಲೆ ಹಸಿರು ಬೆಳಕನ್ನು ಚೆಲ್ಲಿ, ಮರಳಿ ಬರುವ ಬೆಳಕಿನ ಏರಿಳಿತವನ್ನು ನೋಡುತ್ತದೆ. ರಕ್ತ ಹಸಿರು ಬೆಳಕನ್ನು ಹೀರುವುದರಿಂದ ಪ್ರತಿ ಮಿಡಿತಕ್ಕೂ ಮರಳುವ ಬೆಳಕು ಸ್ವಲ್ಪ ಕುಗ್ಗುತ್ತದೆ. ಈ ಉಪಾಯ ಜಾಣತನದ್ದೇ. ಆದರೆ ಪಟ್ಟಿ ಸಡಿಲವಾಗಿದ್ದರೆ, ಕೈ ಬಲವಾಗಿ ಬೀಸಿದರೆ, ಬೆಳಕಿನ ಏರಿಳಿತ ಮಿಡಿತದ್ದೋ ಕೈಬೀಸಿನದ್ದೋ ಎಂಬ ಗೊಂದಲವುಂಟಾಗುತ್ತದೆ. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ತನ್ನೇ ಹಿಡಿಯುವುದರಿಂದ ಹೆಚ್ಚು ನಂಬಿಕೆಗೆ ಅರ್ಹ. ಯಂತ್ರವನ್ನು ಎಸೆಯಬೇಕೆಂದು ನಮ್ಮ ಅಭಿಪ್ರಾಯವಲ್ಲ. ಯಂತ್ರ ಹೇಳಿದ್ದನ್ನು ಆಗಾಗ ಬೆರಳಿನಿಂದ ಒರೆಗೆ ಹಚ್ಚಿ ನೋಡಬೇಕು ಎಂಬುದಿಷ್ಟೆ.

ಇನ್ನೆರಡು ಸಾಕ್ಷಿಗಳು

ನಾಡಿಯೊಂದನ್ನೇ ನಂಬಬಾರದೆಂದರೆ ಬೇರೆ ಯಾವುದನ್ನು ನಂಬಬೇಕು? ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ೧೯೬೦ರ ದಶಕದಲ್ಲಿ, ಶ್ರಮ ಎಷ್ಟೆಂದು ಶ್ರಮಿಸುವವನನ್ನೇ ಕೇಳುವ ಕ್ರಮವನ್ನು ರೂಪಿಸಿದರು. ಅವರ ಶ್ರೇಣಿ ೬ರಿಂದ ೨೦ರವರೆಗೆ ಇದೆ. ೬ ಎಂದರೆ ಶ್ರಮವೇ ಇಲ್ಲ, ೧೩ ಎಂದರೆ ಸ್ವಲ್ಪ ಕಷ್ಟ, ೨೦ ಎಂದರೆ ಕಟ್ಟಕಡೆಯ ಮಿತಿ. ತರುಣರಲ್ಲಿ ಈ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಸ್ಥೂಲವಾಗಿ ಮಿಡಿತ ದೊರೆಯುವಂತೆ ಅವರು ಶ್ರೇಣಿಯನ್ನು ಹೊಂದಿಸಿದ್ದರು. ಇನ್ನೂ ಸುಲಭವಾದ ಪರೀಕ್ಷೆ ಮಾತಿನದು. ವ್ಯಾಯಾಮ ಮಾಡುತ್ತ ಹಾಡಲು ಸಾಧ್ಯವಾದರೆ ಶ್ರಮ ಹಗುರವಾದುದು. ಮಾತನಾಡಬಹುದು, ಹಾಡಲಾಗದು ಎಂದರೆ ಮಧ್ಯಮ. ನಾಲ್ಕು ಪದಗಳಿಗೊಮ್ಮೆ ಉಸಿರಿಗಾಗಿ ನಿಲ್ಲಬೇಕಾದರೆ ತೀವ್ರ. ಇದಕ್ಕೆ ಗಡಿಯಾರ ಬೇಡ, ಗಣಿತ ಬೇಡ; ಜೊತೆಗೊಬ್ಬ ಗೆಳೆಯನಿದ್ದರೆ ಸಾಕು.

"ಅನಿಸಿಕೆಯನ್ನು ನಂಬುವುದು ವಿಜ್ಞಾನವೆ? ಅಂಕಿಯಲ್ಲವೆ ವಸ್ತುನಿಷ್ಠ?" ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಉತ್ಸಾಹದಲ್ಲಿರುವ ತರುಣ ದಣಿವನ್ನು ಮರೆಯುತ್ತಾನೆ. ಅಂಜುಬುರುಕ ಅಲ್ಪ ಶ್ರಮವನ್ನೇ ಬೆಟ್ಟವೆಂದುಕೊಳ್ಳುತ್ತಾನೆ. ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿರುವ ರೋಗಿಗೆ ವೈದ್ಯರು ಪರೀಕ್ಷಿಸಿ ಗೊತ್ತುಮಾಡಿದ ಮಿತಿ ಜೀವರಕ್ಷಕವಾದುದು. ಸ್ಪರ್ಧೆಗೆ ಪಳಗುತ್ತಿರುವ ಓಟಗಾರನಿಗೆ ದಿನದಿನದ ಅಂಕಿಗಳು ದಾರಿತೋರಬಲ್ಲವು. ಆದರೆ ಅವರು ಬಳಸುವುದು ತಮ್ಮ ದೇಹದಲ್ಲಿಯೇ ಅಳೆದು ತಿಳಿದ ಅಂಕಿಯನ್ನು, ವಯಸ್ಸಿನಿಂದ ಕಳೆದು ತೆಗೆದುದನ್ನಲ್ಲ. ವಸ್ತುನಿಷ್ಠತೆ ಯಂತ್ರದ ಗುಣವಲ್ಲ, ವಿಚಾರದ ಗುಣ. ನಾಡಿ, ಉಸಿರು, ಅನಿಸಿಕೆ ಈ ಮೂವರು ಸಾಕ್ಷಿಗಳನ್ನೂ ಕೇಳಿ ತೀರ್ಪು ಕೊಡುವುದೇ ನಿಜವಾದ ವೈಜ್ಞಾನಿಕ ದೃಷ್ಟಿ.

ವ್ಯಾಯಾಮದ ಲಾಭಕ್ಕೆ ಅಂಕಿ ಅನಿವಾರ್ಯವೂ ಅಲ್ಲ. ಲಂಡನ್ನಿನ ಜೆರೆಮಿ ಮಾರಿಸ್ ೧೯೫೩ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ದಿನವೆಲ್ಲ ಕುಳಿತಿರುವ ಬಸ್ ಚಾಲಕರಿಗಿಂತ, ಎರಡಂತಸ್ತಿನ ಬಸ್ಸುಗಳ ಮೆಟ್ಟಲನ್ನು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದಯದ ರಕ್ತನಾಳಗಳ ರೋಗ ಕಡಿಮೆಯೆಂದು ಕಂಡುಬಂದಿತು. ಇಬ್ಬರ ನಡುವೆ ಬೇರೆ ಭೇದಗಳೂ ಇದ್ದವೆಂಬುದು ನಿಜ. ಚಾಲಕರು ಕೆಲಸಕ್ಕೆ ಸೇರುವಾಗಲೇ ಹೆಚ್ಚು ಸ್ಥೂಲರಾಗಿದ್ದರೆಂದು ಮಾರಿಸರೇ ಮುಂದೆ ತೋರಿಸಿದರು. ಆದರೆ ಅನಂತರ ನಡೆದ ಅನೇಕ ಅಧ್ಯಯನಗಳು ದೈಹಿಕ ಶ್ರಮದ ಲಾಭವನ್ನು ಸ್ಥಿರಪಡಿಸಿವೆ. ಆ ನಿರ್ವಾಹಕರು ಮೆಟ್ಟಲು ಹತ್ತುವಾಗ ಯಾರೂ ಅವರ ನಾಡಿಯನ್ನು ಎಣಿಸುತ್ತಿರಲಿಲ್ಲ.

ಶಾಲೆಯಲ್ಲಿ ಆಗಬೇಕಾದುದು

ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಹೊರಡಿಸಿದ ಸೂಚನೆಯಂತೆ ೫ರಿಂದ ೧೭ ವರ್ಷದವರಿಗೆ ದಿನಕ್ಕೆ ಸರಾಸರಿ ೬೦ ನಿಮಿಷಗಳಾದರೂ ಮಧ್ಯಮದಿಂದ ತೀವ್ರ ಮಟ್ಟದ ದೈಹಿಕ ಚಟುವಟಿಕೆ ಬೇಕು. ವಯಸ್ಕರಿಗೆ ವಾರಕ್ಕೆ ೧೫೦ರಿಂದ ೩೦೦ ನಿಮಿಷ ಮಧ್ಯಮ ಶ್ರಮ, ಅಥವಾ ಅದರ ಅರ್ಧದಷ್ಟು ಹೊತ್ತು ತೀವ್ರ ಶ್ರಮ ಬೇಕು. ನಮ್ಮ ಎಷ್ಟೋ ಶಾಲೆಗಳಲ್ಲಿ ಪರೀಕ್ಷೆ ಹತ್ತಿರವಾದಂತೆ ಆಟದ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಒಪ್ಪಿಸಿಬಿಡುವ ವಾಡಿಕೆಯಿದೆ. ಆ ಅವಧಿಯಲ್ಲಿಯೇ ಗಣಿತವನ್ನೂ ವಿಜ್ಞಾನವನ್ನೂ ಜೀವಂತವಾಗಿ ಕಲಿಸಬಹುದೆಂಬುದು ನಮ್ಮ ವಾದ.

ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ನಾಡಿಯನ್ನು ಎಣಿಸಲು ಕಲಿಯಲಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಒಳಬದಿಯಲ್ಲಿ, ಎರಡು ಬೆರಳುಗಳನ್ನು ಹಗುರವಾಗಿ ಒತ್ತಿದರೆ ಮಿಡಿತ ಸಿಕ್ಕುತ್ತದೆ. ಹೆಬ್ಬೆರಳಿನಿಂದ ಒತ್ತಬಾರದು, ಅದರದೇ ಮಿಡಿತ ಸೇರಿಕೊಂಡು ಗೊಂದಲವಾಗಬಹುದು. ಬೆಳಗ್ಗೆ ಎದ್ದೊಡನೆ, ಹಾಸಿಗೆಯಲ್ಲಿ ಮಲಗಿರುವಾಗಲೇ, ಒಂದು ನಿಮಿಷ ಪೂರ್ತಿಯಾಗಿ ಎಣಿಸಿ ಹದಿನೈದು ದಿನ ಬರೆದಿಡಲಿ. ಓಟ ನಿಂತ ಕೂಡಲೇ ೧೫ ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಲಿ. ಇಲ್ಲಿ ಒಂದು ಮಿಡಿತ ತಪ್ಪಿದರೆ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ. ಒಂದು ನಿಮಿಷ ಪೂರ್ತಿ ಎಣಿಸಿದರೆ ಅಷ್ಟರಲ್ಲಿ ನಾಡಿಯೇ ಇಳಿದುಹೋಗಿರುತ್ತದೆ. ಅಳತೆಯಲ್ಲಿ ದೋಷ ಹೇಗೆ ಬರುತ್ತದೆ, ಒಂದು ದೋಷವನ್ನು ತಪ್ಪಿಸಲು ಇನ್ನೊಂದನ್ನು ಏಕೆ ಸಹಿಸಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವುದು?

ಮೆಟ್ಟಲಿನ ಪರೀಕ್ಷೆಯೂ ಶಾಲೆಗೆ ತಕ್ಕದ್ದು. ೧೯೪೩ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ಲೂಸಿಯನ್ ಬ್ರೂಹಾ ರೂಪಿಸಿದ ಪರೀಕ್ಷೆಯಲ್ಲಿ ೨೦ ಅಂಗುಲದ ಮಣೆಯನ್ನು ನಿಮಿಷಕ್ಕೆ ೩೦ ಬಾರಿಯಂತೆ ಐದು ನಿಮಿಷ ಹತ್ತಿಳಿದು, ಅನಂತರ ನಾಡಿ ಎಷ್ಟು ಬೇಗ ಇಳಿಯುವುದೆಂದು ನೋಡುತ್ತಾರೆ. ಅದು ಬಲಿಷ್ಠ ತರುಣರಿಗಾಗಿ ಮಾಡಿದ ಪರೀಕ್ಷೆ. ನಮ್ಮ ವಿದ್ಯಾರ್ಥಿಗಳಿಗೆ ಸಾಧಾರಣ ಮೆಟ್ಟಲೊಂದನ್ನು ಮೂರು ನಿಮಿಷ ಹತ್ತಿಳಿದರೆ ಸಾಕು. ಅನಂತರ ನಿಮಿಷನಿಮಿಷಕ್ಕೂ ನಾಡಿಯನ್ನು ಬರೆದು ನಕ್ಷೆ ಎಳೆಯಲಿ. ಎರಡು ತಿಂಗಳು ದಿನವೂ ಓಡಿದ ಮೇಲೆ ಅದೇ ಮೆಟ್ಟಲು, ಅದೇ ವೇಗ, ಅದೇ ಹೊತ್ತು ಮತ್ತೆ ಪರೀಕ್ಷಿಸಲಿ. ನಾಡಿ ಕಡಿಮೆ ಏರಿ ಬೇಗ ಇಳಿದಿದ್ದರೆ ದೇಹ ಪಳಗಿದೆಯೆಂದು ತಿಳಿಯಬಹುದು. ಇಲ್ಲಿ ಹೋಲಿಕೆ ನೆರೆಯವನೊಡನೆ ಅಲ್ಲ, ತನ್ನೊಡನೆ ತಾನೇ. ಈ ಅಂಕಿಗಳಿಗೆ ಅಧ್ಯಾಪಕರು ಎಂದಿಗೂ ಪರೀಕ್ಷೆಯ ಅಂಕಗಳನ್ನು ಕೊಡಬಾರದು. ಕೊಟ್ಟರೆ ಮಕ್ಕಳು ನಾಡಿಯನ್ನು ಎಣಿಸುವುದರ ಬದಲು ಕಲ್ಪಿಸಿ ಬರೆಯಲು ಕಲಿಯುತ್ತಾರೆ.

ತಮ್ಮ ಗರಿಷ್ಠ ಮಿಡಿತವನ್ನು ಕಂಡುಹಿಡಿಯುವ ಸಾಹಸಕ್ಕೆ ಯಾರೂ ಕೈಹಾಕಬಾರದು. ಶ್ರಮದಲ್ಲಿ ಎದೆನೋವು, ತಲೆಸುತ್ತು, ಮೂರ್ಛೆ ಕಂಡವರೂ, ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಮರಣ ನಡೆದಿರುವವರೂ ಮೊದಲು ವೈದ್ಯರನ್ನು ಕಾಣಬೇಕು. ಯಾವ ಗಡಿಯಾರವೂ ಈ ಕೆಲಸವನ್ನು ಮಾಡದು.

ಗಡಿಯಾರ ಕೊಳ್ಳಲು ಶಕ್ತಿಯಿರುವವರು ಕೊಳ್ಳಲಿ, ನಮ್ಮ ಅಡ್ಡಿಯಿಲ್ಲ. ಆದರೆ ಅದಿಲ್ಲದವನು ವ್ಯಾಯಾಮದಲ್ಲಿ ಹಿಂದುಳಿದನೆಂದೂ, ಅದು ತೋರಿಸಿದ್ದಷ್ಟೇ ಸತ್ಯವೆಂದೂ ತಿಳಿಯುವುದು ಬೇಡ. ಎರಡು ಬೆರಳು, ಗೋಡೆಯ ಗಡಿಯಾರ, ಒಂದು ಟಿಪ್ಪಣಿ ಪುಸ್ತಕ ಇಷ್ಟಿದ್ದರೆ ಹಳ್ಳಿಯ ಶಾಲೆಯ ವಿದ್ಯಾರ್ಥಿಯೂ ತನ್ನ ಹೃದಯವನ್ನು ತಾನೇ ಅಧ್ಯಯನ ಮಾಡಬಲ್ಲ. ಹಾಗೆ ಅಧ್ಯಯನ ಮಾಡಿದವನು ಸರಾಸರಿಗೂ ತನಗೂ ಇರುವ ಅಂತರವನ್ನು ಅರಿಯುತ್ತಾನೆ, ಸೂತ್ರವೊಂದನ್ನು ಕೇಳಿದಾಗ "ಇದು ಯಾರನ್ನು ಅಳೆದು ಬಂದದ್ದು? ಎಷ್ಟು ತಪ್ಪಬಹುದು?" ಎಂದು ಪ್ರಶ್ನಿಸುತ್ತಾನೆ. ನಮ್ಮ ಶಾಲಾ ಕಾಲೇಜುಗಳ ಅಧ್ಯಾಪಕರು ಬರುವ ವರ್ಷದ ಆಟದ ಅವಧಿಗಳಲ್ಲಿ ಈ ಪಾಠಕ್ಕೆ ವಾರಕ್ಕೊಂದು ದಿನವನ್ನಾದರೂ ಮೀಸಲಿಡಲಿ ಎಂಬುದು ನಮ್ಮ ಕೋರಿಕೆ.